ಪುಸ್ತಕದಿಂದ ಬಿದ್ದುಹೋದ ಬೀದಿ

ನವೆಂಬರ್ 20

ಪ್ರೀತಿಯ ಅಕ್ಕನಿಗೆ,

ಬಂದು ಹನ್ನೊಂದು ದಿನವಾಯಿತು. ಬಂದ ಕೂಡಲೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ಎಲ್ಲಿಂದ ಶುರು ಮಾಡಲಿ ಎಂದು ತಿಳಿಯುತ್ತಿರಲಿಲ್ಲ. ಇಲ್ಲಿನ ಒಂದು ಸಂಗತಿ ಹೇಳಿದರೆ ಅದು ಅರ್ಥವಾಗಲು ಇನ್ನೊಂದನ್ನು ಹೇಳಬೇಕು. ಆ ಇನ್ನೊಂದನ್ನು ಹೇಳಿದರೆ ನೀನು ನಂಬುವುದಿಲ್ಲ.

ಕೆಲಸದಿಂದಲೇ ಶುರು ಮಾಡುತ್ತೇನೆ. ಸರ್ಕಾರಿ ಮುದ್ರಣಾಲಯದ ಮೂರನೆಯ ಮಹಡಿಯಲ್ಲಿ ಕರಡು ತಿದ್ದುವವರ ಕೋಣೆ. ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಒಂದು ಓರೆ ಹಲಗೆ, ಒಂದು ದೀಪ, ಕೆಂಪು ಶಾಯಿಯ ಪೆನ್ನು. ಕಿಟಕಿಗಳು ಆರು. ಆರಕ್ಕೂ ಗಾಜಿನ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಮೊದಲ ದಿನ ಸೆಖೆಯೆಂದು ಒಂದನ್ನು ತೆರೆಯಲು ಹೋದೆ. ನಮ್ಮ ಹಿರಿಯ ತಿದ್ದುಗಾರರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಎತ್ತರದ ಮನುಷ್ಯ, ಓಡಿಬಂದು ಅಡ್ಡ ನಿಂತರು.

"ಅದನ್ನ ತೆಗೀಬಾರದಮ್ಮ."

"ಸ್ವಲ್ಪ ಗಾಳಿ ಬರಲಿ ಅಂತ."

"ಗಾಳಿ ಬಂದ್ರೆ ಪರವಾಗಿಲ್ಲ. ಹೊರಗಡೆ ಕಾಣಿಸಿಬಿಟ್ರೆ? ಹೊರಗಡೆ ನೋಡ್ಕೊಂಡು ತಿದ್ದೋಕೆ ಶುರು ಮಾಡಿದ್ರೆ ದೇಶದ ಗತಿ ಏನು?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ನಾವು ತಿದ್ದುವುದು ಒಂದೇ ಪುಸ್ತಕವನ್ನು. ಅದರ ಹೆಸರು ‘ದೇಶ ಪರಿಚಯ’. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಮೊದಲ ದಿನ ಹೊರಬರುತ್ತದೆ. ಸರ್ಕಾರ, ಅರ್ಥವ್ಯವಸ್ಥೆ, ಸಮಾಜ ಎಂದು ಮೂರು ಭಾಗ, ಕೊನೆಗೆ ಪಟ್ಟಿಗಳು. ಅದರಲ್ಲಿ ಅಚ್ಚಾದದ್ದೇ ಇಲ್ಲಿ ನಿಜ. ಪುಸ್ತಕಕ್ಕೂ ಊರಿಗೂ ತಾಳೆಯಾಗದಿದ್ದರೆ ಪುಸ್ತಕವನ್ನು ತಿದ್ದುವುದಿಲ್ಲ, ಊರನ್ನು ತಿದ್ದುತ್ತಾರೆ. ಅದಕ್ಕೆಂದೇ ಹೊಂದಾಣಿಕೆ ಇಲಾಖೆ ಎಂಬುದೊಂದಿದೆ. ನೀಲಿ ಅಂಗಿ, ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಪುಸ್ತಕ. ಒಮ್ಮೆ ನದಿಯ ಸೇತುವೆಗೆ ಒಂಬತ್ತು ಕಮಾನು ಎಂದು ಅಚ್ಚಾಗಿಬಿಟ್ಟಿತಂತೆ. ಇದ್ದದ್ದು ಎಂಟು. ಇಲಾಖೆಯವರು ಒಂಬತ್ತನೆಯದನ್ನು ದಡದ ಮೇಲೆ ಒಣ ನೆಲದಲ್ಲಿ ಕಟ್ಟಿದರು. ನಿನ್ನೆ ನಾನೇ ಅದರ ಕೆಳಗೆ ಕೂತು ಬಂದೆ. ನೆರಳು ಚೆನ್ನಾಗಿದೆ.

ಇಲ್ಲಿನವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ದೇಶ ಗೊತ್ತು, ಗೊತ್ತಿರುವುದು ಅಡ್ಡ ಬರುತ್ತದೆ. ಅದಕ್ಕೇ ನಮ್ಮಂಥ ಹೊರಗಿನವರು. ಕಾಲೇಜಿನಲ್ಲಿ ಈ ಭಾಷೆ ತೆಗೆದುಕೊಂಡಾಗ ಏನು ಪ್ರಯೋಜನ ಎಂದು ಕೇಳಿದ್ದೆಯಲ್ಲ, ಈಗ ನೋಡು.

ಭಾವನಿಗೆ ನಮಸ್ಕಾರ ಹೇಳು.

ನಿನ್ನ
ಚೂಟಿ

&nbsp;

ಡಿಸೆಂಬರ್ 9

ಪ್ರೀತಿಯ ಚೂಟಿಗೆ,

ನಿನ್ನ ಪತ್ರವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಕಮಾನಿನ ಕಥೆ ಬಂದಾಗ ನಿನ್ನ ಭಾವ ಕೈತೊಳೆಯಲು ಎದ್ದವರು ಮತ್ತೆ ಕೂತರು. "ಅಂಗಡಿಗೆ ಉಪ್ಪು ತರೋಕೆ ಕಳ್ಸಿದ್ರೆ ಕಥೆ ತರ್ತಿದ್ಲು ಅಂತಿದ್ದೆಯಲ್ಲ, ಈಗ ದೇಶಾನೇ ತಂದಿದಾಳೆ" ಎಂದರು. ನಾನು ನಿನ್ನ ಪರ ವಾದ ಮಾಡಿದೆ, ಆದರೆ ಅಷ್ಟು ಜೋರಾಗಿ ಅಲ್ಲ.

ನಿಜವೋ ಸುಳ್ಳೋ, ನನಗೆ ಇನ್ನಷ್ಟು ಬೇಕು. ಎಂಟನೆಯ ತರಗತಿಯ ಭೂಗೋಳದಲ್ಲಿ ‘ಒಂದು ದೇಶದ ಪರಿಚಯ’ ಎಂಬ ಪಾಠವಿದೆ, ನಿನಗೆ ಗೊತ್ತಲ್ಲ. ಇಪ್ಪತ್ತು ವರ್ಷದಿಂದ ಅದೇ ದೇಶ, ಅದೇ ಕಲ್ಲಿದ್ದಲು. ಹೇಳುವಾಗ ನನಗೇ ಆಕಳಿಕೆ. ನಿನ್ನ ದೇಶದ ಬಗ್ಗೆ ಬರೆದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹಾಕೋಣ ಎಂದುಕೊಂಡಿದ್ದೇನೆ. ಆದ್ದರಿಂದ ಕ್ರಮವಾಗಿ ಹೇಳು. ಅಲ್ಲಿ ಆಳುವವರು ಯಾರು? ಜನ ಏನು ಮಾಡಿ ಬದುಕುತ್ತಾರೆ? ಒಬ್ಬರಿಗೊಬ್ಬರು ಹೇಗಿರುತ್ತಾರೆ? ನೀನು ಎಲ್ಲಿ ಇಳಿದುಕೊಂಡಿದ್ದೀಯ, ಬಿಸಿನೀರು ಸಿಗುತ್ತದೆಯೇ?

ಕೊನೆಯದು ಪಾಠಕ್ಕಲ್ಲ.

ಒಂದು ವರ್ಷದ ಕರಾರು ಎಂದಿದ್ದೆ. ಅಂದರೆ ಮುಂದಿನ ನವೆಂಬರ್. ನಾನೇನೂ ದಿನ ಎಣಿಸುತ್ತಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಾರೆ, ಅಷ್ಟೆ.

ನಿನ್ನ
ಅಕ್ಕ

&nbsp;

ಜನವರಿ 6

ಅಕ್ಕಾ,

ಕ್ರಮವಾಗಿ ಹೇಳು ಎಂದೆಯಲ್ಲ, ಹೇಳುತ್ತೇನೆ. ನೋಟ್ಸ್ ತೆಗೆದುಕೋ.

ಸರ್ಕಾರ. ‘ಪ್ರಬಲವಾದ ವಿರೋಧ ಪಕ್ಷವಿದೆ’ ಎಂದು ಪುಸ್ತಕದಲ್ಲಿ ಇರುವುದರಿಂದ ಹನ್ನೊಂದು ಜನರನ್ನು ಸಂಬಳ ಕೊಟ್ಟು ವಿರೋಧಕ್ಕೆ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ವಿರೋಧಿಸುತ್ತಾರೆ, ನಡುವೆ ಊಟಕ್ಕೆ ಬಿಡುವು. ‘ಮಂತ್ರಿಗಳನ್ನು ಯಾರು ಬೇಕಾದರೂ ಸುಲಭವಾಗಿ ಕಾಣಬಹುದು’ ಎಂದೂ ಇದೆ. ಹಾಗಾಗಿ ದಿನಕ್ಕೆ ಒಂದು ಗಂಟೆ ಪ್ರತಿಯೊಬ್ಬ ಮಂತ್ರಿಯೂ ಒಂದೊಂದು ಬೀದಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರಬೇಕು. ಕಾಣಬಹುದು ಎಂದಿದೆಯೇ ಹೊರತು ಮಾತಾಡಬಹುದು ಎಂದಿಲ್ಲ. ನಮ್ಮ ಮೂಲೆಗೆ ಬರುವುದು ನೀರಾವರಿ ಮಂತ್ರಿ. ಪಾಪ, ನೆಗಡಿ ಮನುಷ್ಯ. ಜನ ಅವರನ್ನು ಕಂಡು ಮುಂದೆ ಹೋಗುತ್ತಾರೆ.

ಅರ್ಥವ್ಯವಸ್ಥೆ. ‘ಬೆಲೆಗಳು ಸ್ಥಿರವಾಗಿವೆ.’ ಸೋಪಿನ ಬೆಲೆ ಹನ್ನೆರಡು ವರ್ಷದಿಂದ ಒಂದೇ. ಸೋಪು ಮಾತ್ರ ಹುಣಸೆಬೀಜದಷ್ಟು ಆಗಿದೆ. ಸ್ನಾನ ಮಾಡುವಾಗ ಕೈಯಿಂದ ಜಾರಿದರೆ ಹುಡುಕುವುದಕ್ಕೆ ಕನ್ನಡಕ ಬೇಕು. ‘ನಿರುದ್ಯೋಗ ಇಲ್ಲ.’ ಕೆಲಸವಿಲ್ಲದವರನ್ನು ಸರ್ಕಾರವೇ ಕಚೇರಿಗಳ ಮುಂದೆ ಸಾಲಿನಲ್ಲಿ ನಿಲ್ಲುವ ಕೆಲಸಕ್ಕೆ ಹಾಕಿಕೊಂಡಿದೆ. ಅವರ ಹಿಂದೆ ನಾವು ನಿಲ್ಲಬೇಕು.

ಸಮಾಜ. ‘ಜನ ಊರು ಬಿಟ್ಟು ಹೋಗಲು ಇಷ್ಟಪಡುವುದಿಲ್ಲ.’ ಪಾಸ್‌ಪೋರ್ಟ್ ಕಚೇರಿ ಇದೆ, ಅಲ್ಲಿನ ಗುಮಾಸ್ತೆಯರು ಸ್ವೆಟರ್ ಹೆಣೆಯುತ್ತಾರೆ. ಇಲ್ಲಿ ನೆಲೆಸಿದವರಿಗೆ ಅವರು ಒಂದು ಪಾಸ್‌ಪೋರ್ಟನ್ನೂ ಕೊಟ್ಟದ್ದಿಲ್ಲ. ಇನ್ನು ‘ಸರಾಸರಿ ಕುಟುಂಬದಲ್ಲಿ ನಾಲ್ಕೂಕಾಲು ಜನ’ ಎಂದಿದೆ. ಈ ಕಾಲು ಜನವನ್ನು ಎಲ್ಲಿಂದ ತರುವುದು? ನಾಲ್ಕು ಮನೆಗೆ ಸೇರಿ ಒಬ್ಬ ಮುದುಕನನ್ನು ಹಂಚಿದ್ದಾರೆ. ನಮಗೆ ಬಂದವನನ್ನು ಪಾಲಿನಜ್ಜ ಎನ್ನುತ್ತೇವೆ. ವಾರದಲ್ಲಿ ಒಂದೂಮುಕ್ಕಾಲು ದಿನ ನಮ್ಮ ಮನೆಯಲ್ಲಿ. ಮುಕ್ಕಾಲು ದಿನದ ಹೊತ್ತಿಗೆ ಅವನಿಗೆ ಯಾವಾಗಲೂ ಮಂಡಿನೋವು ಬರುತ್ತದೆ. ಪಕ್ಕದ ಮನೆಯ ಅಡುಗೆ ಅವನಿಗೆ ಸೇರುವುದಿಲ್ಲ.

ನಾನಿರುವುದು ಹಾಸಿಗೆ ಹೊಲಿಯುವವರ ಬೀದಿಯ ಹದಿನೇಳನೆಯ ಮನೆಯಲ್ಲಿ. ಮನೆಯಮ್ಮ, ಅವಳ ಮಗ, ಸೊಸೆ. ಒಬ್ಬರು ಕಡಿಮೆ ಬೀಳುತ್ತಿದ್ದರು. ಇಲಾಖೆಯವರು ಯಾರನ್ನಾದರೂ ತಂದು ತುಂಬುವ ಮೊದಲೇ ಬಾಡಿಗೆಗೆ ಕೋಣೆ ಇದೆ ಎಂದು ಬೋರ್ಡು ಹಾಕಿದಳು. "ಗೊರಕೆ ಹೊಡೀತೀಯಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಬೀಗದ ಕೈ ಕೊಟ್ಟಳು.

ಬಿಸಿನೀರು ಸಿಗುತ್ತದೆ.

ಚೂಟಿ

&nbsp;

ಫೆಬ್ರವರಿ 2

ಪ್ರೀತಿಯ ಚೂಟಿಗೆ,

ಇನ್ನು ನಿನ್ನನ್ನು ಸುಳ್ಳಿ ಎನ್ನುವುದಿಲ್ಲ. ಕಾರಣ ಕೇಳು.

ಕಳೆದ ವಾರ ಶಾಲೆಗೆ ತಪಾಸಣೆ ಬಂತು. ದಾಖಲೆಯಲ್ಲಿ ನಮ್ಮ ಶಾಲೆಗೆ ಎರಡು ಸಾವಿರ ಪುಸ್ತಕಗಳ ಗ್ರಂಥಾಲಯವಿದೆ. ಇರುವುದು ಒಂದು ಕಪಾಟು, ಅದರ ಬೀಗದ ಕೈ ಹಿಂದಿನ ಮುಖ್ಯೋಪಾಧ್ಯಾಯಿನಿಯ ಜೊತೆ ನಿವೃತ್ತವಾಯಿತು. ತಪಾಸಣೆಯ ಹಿಂದಿನ ದಿನ ಎಲ್ಲ ಶಿಕ್ಷಕಿಯರೂ ಮನೆಯಿಂದ ಪುಸ್ತಕ ಹೊತ್ತು ತಂದೆವು. ನನ್ನ ಕವನ ಸಂಕಲನಗಳು, ಗಣಿತದವಳ ಅಡುಗೆ ಪುಸ್ತಕ, ದೈಹಿಕ ಶಿಕ್ಷಕರ ಪತ್ತೇದಾರಿ ಕಾದಂಬರಿ. ಬಂದ ಅಧಿಕಾರಿ ಸಾಲಾಗಿ ನೋಡುತ್ತಾ ಹೋಗಿ ಪತ್ತೇದಾರಿಯ ಮುಂದೆ ನಿಂತರು. "ಇದರ ಎರಡನೇ ಭಾಗ ಇಲ್ವಾ?" ಎಂದರು. "ಅನುದಾನ ಬಂದಿಲ್ಲ ಸಾರ್" ಎಂದರು ನಮ್ಮ ಹೆಡ್‌ಮಿಸ್.

ನಿನ್ನ ದೇಶ ನಾನಂದುಕೊಂಡಷ್ಟು ದೂರವಿಲ್ಲ.

ಇನ್ನೊಂದು ಸುದ್ದಿ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದೆ. ಹಳೆಯ ಪತ್ರಿಕೆಗಳನ್ನೆಲ್ಲ ತೂಕಕ್ಕೆ ಹಾಕಿ ಜಾಗ ಮಾಡಿದ್ದೇನೆ. ಬೆಳಗಿನ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತದೆ. ನೀನು ಬಂದ ಮೇಲೆ ಬೇರೆ ಮನೆ ಗೀಳು ಹಚ್ಚಿಕೊಳ್ಳಬೇಡ. ಹತ್ತಿರದಲ್ಲೇ ಒಂದು ಪ್ರಕಾಶನದವರು ಕರಡು ನೋಡುವವರನ್ನು ಹುಡುಕುತ್ತಿದ್ದಾರೆ. ನಿನ್ನ ಬಗ್ಗೆ ಹೇಳಿಟ್ಟಿದ್ದೇನೆ. ನನಗೆ ನಲವತ್ತೊಂಬತ್ತು, ನಿನಗೆ ನಲವತ್ತನಾಲ್ಕು. ಇನ್ನು ಮುಂದೆಯಾದರೂ ಸಂಜೆ ಒಟ್ಟಿಗೆ ಕೂತು ಚಹಾ ಕುಡಿಯುವ ದೂರದಲ್ಲಿ ಇರೋಣ.

ಉತ್ತರ ಬೇಗ ಬರೆ.

ಅಕ್ಕ

&nbsp;

ಮಾರ್ಚ್ 3

ಅಕ್ಕಾ,

ಕೋಣೆಯ ವಿಷಯ ಓದಿದೆ. ಖುಷಿಯಾಯಿತು. ಪುಸ್ತಕದ ಕೊನೆಯ ಪುಟಗಳು ಅಚ್ಚಿಗೆ ಹೋಗುವ ಗಡಿಬಿಡಿ, ಹಾಗಾಗಿ ಈ ಪತ್ರ ಚಿಕ್ಕದು.

ಬೀದಿಯ ಬಗ್ಗೆ ನಿನಗೆ ಹೇಳಿಯೇ ಇಲ್ಲ. ನಲವತ್ತೊಂದು ಮನೆ. ಎಲ್ಲರೂ ಬೆಳಿಗ್ಗೆ ಬಾಗಿಲ ಮುಂದೆಯೇ ಕೆಲಸಕ್ಕೆ ಕೂರುತ್ತಾರೆ. ಗಂಡಸರು ಕೋಲಿನಿಂದ ಹತ್ತಿ ಬಡಿದು ಬಿಡಿಸುತ್ತಾರೆ, ಹೆಂಗಸರು ಗೇಣುದ್ದದ ಸೂಜಿಯಿಂದ ಹೊಲಿಯುತ್ತಾರೆ. ಸೂಜಿ ಓಡುತ್ತಾ ಇರುವಾಗ ಮಾತು ಈ ಬಾಗಿಲಿನಿಂದ ಆ ಬಾಗಿಲಿಗೆ ಓಡುತ್ತದೆ. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಪಾಲಿನಜ್ಜ ಯಾರ ಮನೆಯ ತುಪ್ಪ ಹೊಗಳಿದ, ಎಲ್ಲವೂ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ತಲೆ, ಹುಬ್ಬು, ಕಿಟಕಿಯ ಅಂಚು ಎಲ್ಲ ಬೆಳ್ಳಗಾಗುತ್ತದೆ. ಬೀದಿಯ ನಡುವೆ ನಿಂತರೆ, ಕಾಯೊಡೆದ ಬೂರುಗದ ಮರದ ಕೆಳಗೆ ನಿಂತಂತೆ. ಸಾಯಂಕಾಲ ಕೆಲಸದಿಂದ ಬಂದವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ. ಬಿಳಿ ಬಣ್ಣದ ಕಿಟಕಿಗಳ ಕೋಣೆಯಲ್ಲಿ ದಿನವಿಡೀ ಇದ್ದ ಕಣ್ಣಿಗೆ ನಮ್ಮ ಬೀದಿ ಒಂದು ಊಟದ ಹಾಗೆ.

ಮೊನ್ನೆ ಮನೆಯಮ್ಮ ನನ್ನ ಕೈಗೆ ಸೂಜಿ ಕೊಟ್ಟಳು. ಎರಡು ಹೊಲಿಗೆ ಹಾಕಿದೆ. ನೋಡಿ, "ಇದರ ಮೇಲೆ ಮಲಗೋರು ನಿನ್ನ ನೆನಸ್ಕೊತಾರೆ ಬಿಡು" ಎಂದಳು. ಬೀದಿಯೆಲ್ಲ ನಕ್ಕಿತು.

ಪ್ರಕಾಶನದವರಿಗೆ ಈಗಲೇ ಏನೂ ಹೇಳಬೇಡ.

ಚೂಟಿ

&nbsp;

ಮೇ 20

ಚೂಟಿ,

ಮಾರ್ಚ್ ಪತ್ರದ ನಂತರ ನಿನ್ನಿಂದ ಒಂದು ಸಾಲೂ ಇಲ್ಲ. ಏಪ್ರಿಲ್‌ನಲ್ಲಿ ಎರಡು ಪತ್ರ ಹಾಕಿದೆ. ಆರೋಗ್ಯವೇ?

ನನಗೆ ಒಂದು ಅನುಮಾನ. ನೇರವಾಗಿ ಕೇಳುತ್ತೇನೆ. ಆ ಮನೆಯಮ್ಮನಿಗೆ ಮಗನಲ್ಲದೆ ತಮ್ಮ, ಮೈದುನ, ಯಾರಾದರೂ ಇದ್ದಾರೆಯೇ? ಇದ್ದರೆ ಮುಚ್ಚಿಡಬೇಡ. ಈ ವಯಸ್ಸಿನಲ್ಲಿ ನಾನು ಗದರಿಸುವೆನೆಂದುಕೊಂಡೆಯಾ? ಹಾಸಿಗೆ ಹೊಲಿಯುವವರಾದರೆ ಒಳ್ಳೆಯದೇ ಆಯಿತು, ನನ್ನ ಬೆನ್ನುನೋವಿಗೂ ಒಂದು ದಾರಿ.

ಇದು ನಗಿಸಲೆಂದು ಬರೆದದ್ದು. ನಕ್ಕೆಯೋ ಇಲ್ಲವೋ ಅಷ್ಟನ್ನಾದರೂ ಬರೆ.

ಅಕ್ಕ

&nbsp;

ಜೂನ್ 8

ಅಕ್ಕಾ,

ಮೈದುನ ಇಲ್ಲ, ತಮ್ಮನೂ ಇಲ್ಲ. ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಏಪ್ರಿಲ್ ಒಂದರಂದು ಪುಸ್ತಕ ಬಂತು. ಮೂರನೆಯ ದಿನ ನೀಲಿ ಅಂಗಿಯ ಇಬ್ಬರು ನಮ್ಮ ಬೀದಿಯ ಬಾಯಲ್ಲಿ ಟೇಪು ಹಿಡಿದು ನಿಂತರು. ಪುಸ್ತಕದ ಬೀದಿಗಳ ಪಟ್ಟಿಯಲ್ಲಿ ಹಾಸಿಗೆ ಹೊಲಿಯುವವರ ಬೀದಿ ಇಲ್ಲ. ಅದರ ಮೇಲಿನದು ಇದೆ, ಕೆಳಗಿನದು ಇದೆ, ನಡುವಿನ ಒಂದು ಸಾಲು ಬಿದ್ದುಹೋಗಿದೆ. ಸೆಪ್ಟೆಂಬರ್ ಮೂವತ್ತರೊಳಗೆ ಊರನ್ನು ಪುಸ್ತಕಕ್ಕೆ ಹೊಂದಿಸಬೇಕು. ಅಂದರೆ ನಲವತ್ತೊಂದು ಮನೆಗಳನ್ನು ಕೆಡವಿ, ಅವುಗಳ ಜನರನ್ನು ಎಲ್ಲೆಲ್ಲಿ ನಾಲ್ಕೂಕಾಲು ತುಂಬಿಲ್ಲವೋ ಅಲ್ಲಲ್ಲಿಗೆ ಹಂಚಬೇಕು. ಮನೆಯಮ್ಮನ ಮಗ ಸೊಸೆ ಒಂದು ಕಡೆಗೆ, ಅವಳು ನಗರದ ಇನ್ನೊಂದು ತುದಿಗೆ.

ಆ ಪುಟದ ಕರಡಿನ ಮೂಲೆಯಲ್ಲಿ ನನ್ನ ಸಹಿ ಇದೆ, ಅಕ್ಕ. ಅದನ್ನು ತಿದ್ದಿದವಳು ನಾನು.

ಕರಡು ನೋಡುವುದು ಇಬ್ಬರ ಕೆಲಸ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಬೆರಳಿಟ್ಟು ಹೋಗುತ್ತಾರೆ. ನನ್ನ ಜೊತೆಗಾತಿ ಸರಿಯಾಗಿಯೇ ಓದಿದಳು. ಬೆರಳು ನನ್ನದು. ಆ ಹೊತ್ತಿಗೆ ನನ್ನ ಓರೆ ಹಲಗೆಯ ಮೇಲೆ, ಕರಡಿನ ಕೆಳಗೆ, ನಿನ್ನ ಫೆಬ್ರವರಿಯ ಪತ್ರ ಇತ್ತು. ಸುಣ್ಣ ಹೊಡೆಸಿದ ಕೋಣೆಯ ಪತ್ರ. ಎರಡನೆಯ ಸಲ ಓದುತ್ತಿದ್ದೆ. ನಿನಗೆ ಬೇಸರವಾಗುತ್ತದೆಂದು ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ಇಷ್ಟು ಬರೆದ ಮೇಲೆ ಅದೊಂದನ್ನು ಬಿಟ್ಟರೆ ಉಳಿದದ್ದೂ ಸುಳ್ಳಾಗುತ್ತದೆ.

ಹಿರಿಯ ತಿದ್ದುಗಾರರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ನನ್ನನ್ನು ಸಮಾಧಾನ ಮಾಡಿದರು.

"ತಪ್ಪೆಲ್ಲಿ ಆಯ್ತಮ್ಮ? ಪುಸ್ತಕ ಸರಿಯಾಗೇ ಇದೆ. ಬೀದಿನೇ ಹೆಚ್ಚಾಗಿರೋದು."

"ಅಲ್ಲಿ ಜನ ಇದಾರೆ ಸಾರ್. ನಾನೇ ಇದೀನಿ."

"ನೀವು ನವೆಂಬರ್‌ಗೆ ಹೋಗೋರು. ನಿಮಗ್ಯಾಕೆ ಚಿಂತೆ?"

ಬೇರೆ ದಾರಿ ಇಲ್ಲವೇ ಎಂದು ಬಹಳ ಹೊತ್ತು ಕಾಡಿದೆ. ಕೊನೆಗೆ ಬೀರುವಿನಿಂದ ಹಳೆಯ ನಿಯಮಾವಳಿ ತೆಗೆದು ತೋರಿಸಿದರು. "ನಮ್ಮ ಪುಸ್ತಕ ಸುಮ್ಮನಿರೋ ಕಡೆ ಬೇರೆ ಯಾವುದಾದ್ರೂ ಅಚ್ಚಾದ ಪುಸ್ತಕ ಸಾಕ್ಷಿ ಹೇಳಬಹುದು, ಯಾವ ದೇಶದ್ದಾದ್ರೂ ಸರಿ. ಆದ್ರೆ ಅದು ಇಲ್ಲೇ ನೆಲೆಸಿದೋರ ಮಾತಾಗಿರಬೇಕು. ಬಂದು ಹೋಗೋರ ಮಾತು ನಡೆಯಲ್ಲ. ನೂರು ವರ್ಷದಲ್ಲಿ ಯಾರೂ ಬಳಸಿಲ್ಲ. ಹಾಸಿಗೆಯೋರ ಬೀದಿ ಬಗ್ಗೆ ಪುಸ್ತಕ ಬರೆಯೋರು ಯಾರಿದಾರೆ ಹೇಳಿ."

ತಪ್ಪು ನನ್ನದೆಂದು ಮನೆಯಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಎಂದಿನ ಹಾಗೆಯೇ ಹೊಲಿಯುತ್ತಾಳೆ. ಬೀದಿಯಲ್ಲಿ ಮಾತು ಮಾತ್ರ ಕಡಿಮೆಯಾಗಿದೆ. ಪಾಲಿನಜ್ಜ ಈಗ ಯಾರ ಮನೆಯ ಅಡುಗೆಯನ್ನೂ ದೂರುವುದಿಲ್ಲ.

ಚೂಟಿ

&nbsp;

ಜೂನ್ 27

ಪ್ರೀತಿಯ ಚೂಟಿಗೆ,

ನನ್ನ ಪತ್ರ ಓದುತ್ತಿದ್ದೆ ಎಂದು ಬರೆದೆಯಲ್ಲ, ಅದನ್ನು ಬರೆದದ್ದಕ್ಕೆ ಬೇಸರವಿಲ್ಲ. ಬರೆಯದೆ ಇದ್ದಿದ್ದರೆ ಬೇಸರವಾಗುತ್ತಿತ್ತು.

ಶಾಲೆಯ ಸಂಚಿಕೆ ಈ ಸಲ ಆಗಸ್ಟಿಗೇ ತರುತ್ತಿದ್ದೇವೆ. ನಿನ್ನ ದೇಶದ ಲೇಖನವನ್ನು ಅರ್ಧ ಬರೆದಿದ್ದೇನೆ. ಮಕ್ಕಳಿಗೆ ಖಚಿತ ವಿವರಗಳು ಬೇಕು, ಅದಕ್ಕೇ ಕೇಳುತ್ತಿದ್ದೇನೆ, ಬೇರೇನೂ ಅಲ್ಲ. ಬೀದಿ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ? ಎಷ್ಟು ಹೆಜ್ಜೆ ಅಗಲ? ಎರಡೂ ಬದಿಯ ಬೀದಿಗಳು ಯಾವುವು? ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಪಾಲಿನಜ್ಜನ ಎತ್ತರವನ್ನೂ ಬರೆದುಬಿಡು, ಇರಲಿ.

ಮನೆಯಮ್ಮನಿಗೆ ಹೇಳಿಬಿಡು. ನಿನಗೆ ಮುಚ್ಚಿಡುವುದು ಬರುವುದಿಲ್ಲ. ಚಿಕ್ಕವಳಿದ್ದಾಗ ನನ್ನ ಪೆನ್ನು ಮುರಿದು ಮೂರು ದಿನ ನನ್ನ ಬಟ್ಟೆಯನ್ನೆಲ್ಲ ಮಡಿಸಿಟ್ಟಿದ್ದೆ. ಈಗ ಆ ಮನೆಯಲ್ಲಿ ಏನೇನು ಮಡಿಸಿಡುತ್ತಿದ್ದೀಯೋ.

ಅಕ್ಕ

&nbsp;

ಆಗಸ್ಟ್ 30

ಚೂಟಿ,

ಸಂಚಿಕೆ ಅಚ್ಚಾಯಿತು. ಜುಲೈನಲ್ಲಿ ನೀನು ಬರೆದು ಕಳಿಸಿದ ವಿವರಗಳೆಲ್ಲ ಅದರಲ್ಲಿವೆ. ವಿಳಾಸ ಹುಡುಕಿ ಒಂದು ಪ್ರತಿಯನ್ನು ನೇರವಾಗಿ ಹೊಂದಾಣಿಕೆ ಇಲಾಖೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಅಕ್ಕ

&nbsp;

ಅಕ್ಟೋಬರ್ 4

ಅಕ್ಕಾ,

ಬೀದಿ ಉಳಿಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಸೆಪ್ಟೆಂಬರ್ ಇಪ್ಪತ್ತೆರಡರಂದು ನನ್ನನ್ನು ಇಲಾಖೆಗೆ ಕರೆಸಿದರು. ಎತ್ತರದ ಚಾವಣಿಯ ಹಜಾರ, ಗೋಡೆಯುದ್ದಕ್ಕೂ ಸುರುಳಿ ಸುತ್ತಿದ ಟೇಪುಗಳು. ಮುಖ್ಯ ಅಧಿಕಾರಿ, ನಮ್ಮ ಹಿರಿಯ ತಿದ್ದುಗಾರರು, ನೀಲಿ ಅಂಗಿಯ ನಾಲ್ವರು. ಮನೆಯಮ್ಮನೂ ಪಾಲಿನಜ್ಜನೂ ಬಂದಿದ್ದರು. ಯಾಕೆ ಬಂದಿರಿ ಎಂದರೆ ಅಜ್ಜ, "ಇವತ್ತು ನಾನು ಇವರ ಮನೆ ಪಾಲು" ಎಂದ. ಮೇಜಿನ ಮೇಲೆ ನಿಮ್ಮ ಶಾಲೆಯ ಸಂಚಿಕೆ ಇತ್ತು. ಹಳದಿ ರಟ್ಟು, ಮೇಲೆ ಯಾವುದೋ ಹುಡುಗಿ ಬಿಡಿಸಿದ ಭೂಮಿಯ ಗೋಳ. ಅಕ್ಷರಗಳು ನಮ್ಮ ಲಿಪಿಯವು. ಈ ಇಡೀ ನಗರದಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

"ಓದಿ, ನಮ್ಮ ಭಾಷೆಗೆ ಹೇಳ್ತಾ ಹೋಗಿ" ಎಂದರು ಅಧಿಕಾರಿ.

ಓದಿದೆ. ಬೀದಿಯ ದಿಕ್ಕು, ಅಗಲ, ನಲವತ್ತೊಂದು ಮನೆ, ಗೇಣುದ್ದದ ಸೂಜಿ. ಮನೆಯಮ್ಮ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದಳು. ‘ಬೀದಿಯ ನಡುವೆ ದೊಡ್ಡದೊಂದು ಬೂರುಗದ ಮರವಿದೆ’ ಎಂದು ಬಂದಾಗ ನನ್ನ ನಾಲಿಗೆ ತಡವರಿಸಿತು. ಅಕ್ಕಾ, ಮರ ಇಲ್ಲ. ಮರದ ಕೆಳಗೆ ನಿಂತಂತೆ ಎಂದಷ್ಟೇ ನಾನು ಬರೆದದ್ದು. ಕವಿತೆ ಓದುವವರಿಗೆ ಪತ್ರ ಬರೆಯುವಾಗ ಎಚ್ಚರದಿಂದಿರಬೇಕು. ಆದರೂ ಹಾಗೆಯೇ ಹೇಳಿದೆ. ಅಧಿಕಾರಿ ಬರೆದುಕೊಂಡರು.

ಕೊನೆಯ ಎರಡು ಸಾಲು ಬಂತು. ‘ಈ ಸಂಗತಿಗಳನ್ನು ತಿಳಿಸಿದವಳು ನನ್ನ ತಂಗಿ. ಆ ಬೀದಿಯ ಹದಿನೇಳನೆಯ ಮನೆಯಲ್ಲಿ ಅವಳು ಕಾಯಂ ಆಗಿ ನೆಲೆಸಿದ್ದಾಳೆ, ಹಿಂದಿರುಗುವ ಉದ್ದೇಶ ಅವಳಿಗಿಲ್ಲ.’

ಮೊದಲನೆಯದನ್ನು ಹೇಳಿ ಎರಡನೆಯದರ ಮೇಲೆ ಬೆರಳಿಟ್ಟು ನಿಂತೆ. ಬೇರೆ ಯಾರಿಗೂ ಆ ಲಿಪಿ ತಿಳಿಯದು. ನುಂಗಿಕೊಂಡಿದ್ದರೆ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನಾನು ನವೆಂಬರಿನಲ್ಲಿ ಸುಣ್ಣ ಹೊಡೆಸಿದ ಕೋಣೆಗೆ ಬರುತ್ತಿದ್ದೆ, ಬೀದಿ ಹೋಗುತ್ತಿತ್ತು. ಓದಿದರೆ, ಇಲ್ಲಿ ನೆಲೆಸಿದವರು ಊರು ಬಿಟ್ಟು ಹೋಗಲು ಇಷ್ಟಪಡುವುದಿಲ್ಲ, ನಿನಗೆ ಬರೆದಿದ್ದೆನಲ್ಲ.

"ಮುಗೀತಾ?" ಎಂದರು ಅಧಿಕಾರಿ.

"ಇನ್ನೊಂದು ಸಾಲಿದೆ" ಎಂದೆ. ಓದಿದೆ.

ಅಧಿಕಾರಿ ಸಂಚಿಕೆಯ ಮೇಲೆ ಮುದ್ರೆ ಒತ್ತಿದರು. ನಮ್ಮ ಹಿರಿಯ ತಿದ್ದುಗಾರರು ಕನ್ನಡಕ ಒರೆಸಿಕೊಂಡು, "ಇನ್ನು ನೀವು ಕರಡು ತಿದ್ದೋ ಹಾಗಿಲ್ಲಮ್ಮ, ಇಲ್ಲಿಯೋರಾಗಿಬಿಟ್ರಿ" ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ದಾರಿಯಲ್ಲಿ ಮನೆಯಮ್ಮನಿಗೆ ಎಲ್ಲ ಹೇಳಿದೆ. ನೀನು ಜೂನ್‌ನಲ್ಲೇ ಹೇಳು ಎಂದಿದ್ದೆ, ನನಗೆ ಧೈರ್ಯ ಬಂದಿರಲಿಲ್ಲ. "ಏಪ್ರಿಲಿಂದ ನೀನು ನಮ್ಮನೆ ಪಾತ್ರೆ ಎಲ್ಲ ತೊಳೀತಿದ್ದೆ. ಆವಾಗ್ಲೇ ಗೊತ್ತಾಯ್ತು" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಎರಡು ತಿಂಗಳು ನಿನ್ನ ಮೇಲೆ ಸಿಟ್ಟಿತ್ತು. ಆದ್ರೂ ಪಾತ್ರೆ ಚೆನ್ನಾಗಿ ತೊಳೀತಿದ್ದೆ, ಅದಕ್ಕೇ ನಾನು ಸುಮ್ಮನಿದ್ದೆ" ಎಂದಳು.

ಮೊನ್ನೆ ನೀಲಿ ಅಂಗಿಯವರು ಬೇರು ಸಮೇತ ಕಿತ್ತ ಒಂದು ದೊಡ್ಡ ಬೂರುಗದ ಮರವನ್ನು ಲಾರಿಯಲ್ಲಿ ತಂದು ಬೀದಿಯ ನಡುವೆ ನೆಟ್ಟರು. ಈಗ ಗಾಡಿಗಳು ಬರುವಂತಿಲ್ಲ. ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಸಾಗಿಸಬೇಕು. ಜನ ನಿನ್ನನ್ನು ಹರಸುತ್ತಲೂ ಇದ್ದಾರೆ, ಬೈಯುತ್ತಲೂ ಇದ್ದಾರೆ.

ಒಂದೇ ಒಂದು ಪ್ರಶ್ನೆ. ಕಾಯಂ ಎಂದು ಬರೆಯಬೇಕಿತ್ತು, ಸರಿ, ನಿಯಮ ಹಾಗಿತ್ತು. ಬರೆಯುವಾಗ ಅದು ಬರೀ ನಿಯಮಕ್ಕೆಂದು ಬರೆದೆಯಾ? ಅವರು ನನ್ನನ್ನು ಹಿಡಿದಿಟ್ಟುಕೊಳ್ಳುತ್ತಾರೆಂದು ಗೊತ್ತಿತ್ತೇ? ನಿನ್ನ ಮೇಲೆ ಸಿಟ್ಟಿಲ್ಲ. ತಿಳಿಯಬೇಕು, ಅಷ್ಟೆ.

ಚೂಟಿ

&nbsp;

ಅಕ್ಟೋಬರ್ 25

ಪ್ರೀತಿಯ ಚೂಟಿಗೆ,

ಗೊತ್ತಿತ್ತು. ಪಾಸ್‌ಪೋರ್ಟ್ ಕಚೇರಿಯ ಸ್ವೆಟರ್‌ಗಳನ್ನು ಮರೆಯುವಷ್ಟು ವಯಸ್ಸಾಗಿಲ್ಲ ನನಗೆ.

ನಿನ್ನ ಪತ್ರಗಳನ್ನೆಲ್ಲ ಜೂನ್‌ನಲ್ಲಿ ಹರಡಿಕೊಂಡು ಮತ್ತೆ ಓದಿದೆ. ಕೋಣೆಯ ಬಗ್ಗೆ ನಾನು ಬರೆದದ್ದಕ್ಕೆ ನೀನು ಕೊಟ್ಟದ್ದು ಒಂದು ‘ಖುಷಿಯಾಯಿತು’. ಅದರ ಕೆಳಗೆ ಸೂಜಿ, ಹತ್ತಿ, ಮೆಟ್ಟಿಲು, ನಗು. ಪತ್ರ ಚಿಕ್ಕದು ಎಂದವಳು ಆ ಬೀದಿಯ ಬಗ್ಗೆ ಬರೆಯುವಾಗ ಗಡಿಬಿಡಿ ಮರೆತಿದ್ದೆ. ನಾನು ಮೈದುನನನ್ನು ಹುಡುಕಿದೆ, ಅದು ನನ್ನ ಪೆದ್ದುತನ. ಒಂದು ಬೀದಿಗೂ ಮನುಷ್ಯರು ಮನಸ್ಸು ಕೊಡುತ್ತಾರೆ ಎಂಬುದು ಭೂಗೋಳ ಹೇಳುವವಳಿಗೆ ಮೊದಲೇ ಹೊಳೆಯಬೇಕಿತ್ತು. ಮರದ ವಿಷಯಕ್ಕೆ ಕ್ಷಮಿಸು. ಅಲ್ಲಿ ನಿಜವಾಗಿಯೂ ಒಂದು ಮರ ಇದೆಯೆಂದೇ ನಾನು ನಂಬಿದ್ದೆ.

ನಿನಗೆ ಹೇಳದೆ ಇದ್ದ ಒಂದು ಮಾತಿದೆ. ನಿನ್ನ ಭಾವನಿಗೆ ಮೇ ತಿಂಗಳಲ್ಲೇ ವರ್ಗವಾಯಿತು. ಎರಡು ವಾರಕ್ಕೊಮ್ಮೆ ಭಾನುವಾರ ಬರುತ್ತಾರೆ. ಹೇಳಿದ್ದರೆ ನೀನು ಅದಕ್ಕೋಸ್ಕರ ಬಂದುಬಿಡುತ್ತಿದ್ದೆ, ಬಂದು ನನ್ನ ಬಟ್ಟೆಯನ್ನೆಲ್ಲ ಮಡಿಸಿಡುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ. ಬೇಸಿಗೆಯ ರಜೆಯಲ್ಲಿ ನಾನೇ ಬರುತ್ತೇನೆ. ಬಂದು ಹೋಗುವವರಿಗೆ ನಿಮ್ಮ ದೇಶದಲ್ಲಿ ತಡೆಯಿಲ್ಲವಲ್ಲ. ಪಾಲಿನಜ್ಜನನ್ನು ನೋಡಬೇಕು, ಮಂತ್ರಿಗಳ ನೆಗಡಿ ಹೇಗಿದೆ ತಿಳಿಯಬೇಕು.

ಇನ್ನು ನಿನ್ನ ಪ್ರಶ್ನೆ. ಬರೀ ನಿಯಮಕ್ಕೆಂದು ಬರೆದೆಯಾ ಎಂದೆ. ಮೊದಲ ಸಲ ಬರೆದಾಗ ಹೌದು, ಕಣ್ಣು ಮುಚ್ಚಿಕೊಂಡು ಬರೆದೆ. ಆಗಸ್ಟ್ ಹದಿನಾಲ್ಕರಂದು ಕರಡು ನೋಡಲು ಪ್ರೆಸ್ಸಿಗೆ ಹೋದೆ. ಲೇಖನದ ಕೊನೆಯ ಸಾಲು ಇರಲಿಲ್ಲ. ನಾನು ಹುಡುಕುತ್ತಿರುವುದನ್ನು ಕಂಡು ಪ್ರೆಸ್ಸಿನವರು, "ಪುಟದಲ್ಲಿ ಹಿಡೀಲಿಲ್ಲ ಮೇಡಂ, ಅದಕ್ಕೇ ಬಿಟ್ಟೆ. ಕೆಳಗೆ ನಿಮ್ಮ ಪದ್ಯ ಇದೆಯಲ್ಲ. ಆ ಒಂದು ಸಾಲು ಇಲ್ದಿದ್ರೂ ನಡೆಯುತ್ತೆ ಅಲ್ವಾ?" ಎಂದರು.

ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಚಹಾ ತರಿಸಿದರು. ಕುಡಿದೆ. ನಾನು ಬಿಡಿಸಿದ್ದಲ್ಲ, ತಾನಾಗಿ ಬಿಟ್ಟುಹೋದ ಸಾಲು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ನೀನೂ ಸಹ. ಲೋಟ ಖಾಲಿಯಾಗುವವರೆಗೆ ಆ ಕರಡನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆಮೇಲೆ ಅವರ ಪೆನ್ನು ಇಸಿದುಕೊಂಡು ಅಂಚಿನಲ್ಲಿ ಆ ಸಾಲನ್ನು ಬರೆದೆ. "ಪದ್ಯ ತೆಗೀರಿ, ಇದನ್ನ ಹಾಕಿ" ಎಂದೆ.

ನಿನ್ನ
ಅಕ್ಕ